ಕೊಟ್ಟಿಗೆಹಾರದಿಂದ ಕಂಡ ಜಿಲ್ಲೆ

ಮೂಡಿಗೆರೆಯಿಂದ ಪಡುವಣಕ್ಕೆ ಹೊರಟು, ಕಾಫಿ ತೋಟಗಳ ನೆರಳಿನಲ್ಲಿ ಸುಮಾರು 20 ಕಿಲೋಮೀಟರು ನಡೆದರೆ ಕೊಟ್ಟಿಗೆಹಾರವೆಂಬ ಸಣ್ಣ ಕೂಡುರಸ್ತೆಯು ಸಿಕ್ಕುವುದು. ಅಲ್ಲಿಂದ ಒಂದು ದಾರಿ ಚಾರ್ಮಾಡಿ ಘಟ್ಟವನ್ನಿಳಿದು ಉಜಿರೆ, ಮಂಗಳೂರುಗಳ ಕಡೆಗೆ ಹೋಗುವುದು; ಇನ್ನೊಂದು ಬಾಳೂರಿನ ಮಾರ್ಗವಾಗಿ ಕಳಸ, ಹೊರನಾಡುಗಳತ್ತ ಹೊರಳುವುದು. ಪ್ರಯಾಣಿಕರು ಇಲ್ಲಿ ಇಳಿದು, ನೀರುದೋಸೆಯನ್ನು ತಿಂದು, ಬಿಸಿ ಕಾಫಿಯನ್ನು ಕುಡಿದು, ಮಂಜು ಹರಿಯಿತೋ ಇಲ್ಲವೋ ಎಂದು ಘಟ್ಟದ ಕಡೆಗೊಮ್ಮೆ ನೋಡಿ, ಮತ್ತೆ ಬಂಡಿಯೇರುವರು. ತಾವು ನಿಂತ ನೆಲವು 1956ನೆಯ ಇಸವಿ ನವಂಬರ್ 1ರವರೆಗೆ ಎರಡು ಸರಕಾರಗಳ ಸೀಮೆಯ ಅಂಚಾಗಿತ್ತೆಂಬುದನ್ನು ಅವರಲ್ಲಿ ನೆನೆಯುವವರು ವಿರಳ. ಮೇಲೆ ಮೈಸೂರು ಸಂಸ್ಥಾನ. ಕೆಳಗೆ ಮೊದಲು ಮದರಾಸು ಇಲಾಖೆ, ತರುವಾಯ ಮದರಾಸು ರಾಜ್ಯ. ಒಂದೇ ಮಾತನ್ನಾಡುವ ಬಂಧುಗಳು ಮದುವೆಗೆಂದು ಘಟ್ಟವನ್ನು ಇಳಿದರೆ ಬೇರೊಂದು ಸರಕಾರದ ಕಾಯಿದೆಗೆ ಒಳಪಡುತ್ತಿದ್ದರು.

ಜಿಲ್ಲೆಯ ಪಾಠವು ನಮ್ಮ ಶಾಲೆಗಳಲ್ಲಿ ಹೇಗೆ ನಡೆಯುವುದೆಂಬುದನ್ನು ಉಪಾಧ್ಯಾಯ ಮಿತ್ರರು ನನಗಿಂತ ಚೆನ್ನಾಗಿ ಬಲ್ಲರು. ವಿಸ್ತೀರ್ಣ ಇಷ್ಟು, ತಾಲ್ಲೂಕುಗಳು ಇಷ್ಟು, ಮುಖ್ಯ ಬೆಳೆ ಕಾಫಿ, ಎತ್ತರವಾದ ಶಿಖರ ಮುಳ್ಳಯ್ಯನಗಿರಿ, ಯಾತ್ರಾಸ್ಥಳ ಶೃಂಗೇರಿ. ಮಕ್ಕಳು ಬಾಯಿಪಾಠ ಮಾಡಿ ಒಪ್ಪಿಸುವರು. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಜಿಲ್ಲೆಯೆಂದರೆ ಕಂದಾಯದ ಕಚೇರಿಯು ಎಳೆದ ಗೆರೆಯೋ, ಅಥವಾ ಅದರೊಳಗೆ ಬದುಕುವ ಜನವೋ ಎಂಬ ಪ್ರಶ್ನೆಯು ಆ ಪಾಠದಲ್ಲಿ ಏಳುವುದೇ ಇಲ್ಲ. 2027ನೆಯ ಇಸವಿ ಮಾರ್ಚ್ 1ನ್ನು ಗೊತ್ತಿನ ದಿನವಾಗಿ ಇಟ್ಟುಕೊಂಡು ದೇಶದ ಖಾನೇಷುಮಾರಿಯು ನಡೆಯಬೇಕಾಗಿರುವ ಕಾಲದಲ್ಲಿ ಈ ಪ್ರಶ್ನೆಯನ್ನು ಎತ್ತದೆ ಬಿಡುವುದು ಸರಿಯಲ್ಲ. ಹದಿನೈದು ವರ್ಷಗಳಿಗೂ ಹಿಂದೆ ಎಣಿಸಿದ ಲೆಕ್ಕವನ್ನೇ ಹಿಡಿದುಕೊಂಡು ಇಂದಿಗೂ ನಮ್ಮ ಶಾಲೆ, ಆಸ್ಪತ್ರೆ, ಅಕ್ಕಿ, ರಸ್ತೆಗಳನ್ನು ಅಳೆದುಕೊಡಲಾಗುತ್ತಿದೆ.

ಮೊದಲು ನೆಲದ ಮಾತು. ಚಿಕ್ಕಮಗಳೂರು ಜಿಲ್ಲೆಯ ವಿಸ್ತೀರ್ಣವು ಸುಮಾರು 7,200 ಚದರ ಕಿಲೋಮೀಟರು. ಇಷ್ಟು ನೆಲದಲ್ಲಿ ಮೂರು ಬೇರೆ ಬೇರೆ ನಾಡುಗಳಿವೆ. ಪಡುವಣದ ಅಂಚಿಗೆ ಘಟ್ಟದ ಗೋಡೆ. ನಡುವೆ ಕುದುರೆ ಲಾಳದ ಆಕಾರದಲ್ಲಿ ಬಳಸಿ ನಿಂತ ಬಾಬಾಬುಡನ್ ಗಿರಿಶ್ರೇಣಿ. ಮೂಡಣಕ್ಕೆ ಕಡೂರು, ಬೀರೂರು, ಅಜ್ಜಂಪುರಗಳ ಬಯಲು. ಶೃಂಗೇರಿಯವನು ಕೊಡೆಯನ್ನು ಮಡಿಚಲು ಹೊತ್ತು ಕಾಣದ ಆಷಾಢದಲ್ಲಿ ಕಡೂರಿನ ರೈತನು ಮೋಡವನ್ನು ನೋಡುತ್ತ ಕುಳಿತಿರುವನು. ಒಬ್ಬನಿಗೆ ಮಳೆ ನಿಂತರೆ ಸಾಕು, ಇನ್ನೊಬ್ಬನಿಗೆ ಬಂದರೆ ಸಾಕು. ಇಬ್ಬರೂ ಒಂದೇ ಜಿಲ್ಲಾಧಿಕಾರಿಗೆ ಅರ್ಜಿ ಬರೆಯುವರು. ಅಡಿಕೆ, ಏಲಕ್ಕಿ, ಮೆಣಸು, ಕಾಫಿಗಳು ಅಲ್ಲಿ. ರಾಗಿ, ಜೋಳ, ತೆಂಗು, ಈರುಳ್ಳಿಗಳು ಇಲ್ಲಿ. ಮುಳ್ಳಯ್ಯನಗಿರಿಯು ಸುಮಾರು 1,930 ಮೀಟರು ಎತ್ತರವಿದ್ದು, ಕರ್ನಾಟಕದ ಶಿಖರಗಳಲ್ಲಿ ಅದೇ ಮೇಲಾದುದು.

ಆದರೆ ಈ ನೆಲದ ದೊಡ್ಡ ಸಂಗತಿಯು ಬೆಟ್ಟವಲ್ಲ, ನೀರು. ಕುದುರೆಮುಖದ ಬಳಿಯ ಗಂಗಾಮೂಲದಲ್ಲಿ ತುಂಗೆ, ಭದ್ರೆ, ನೇತ್ರಾವತಿ ಈ ಮೂವರೂ ಹುಟ್ಟುವರೆಂದು ನಮ್ಮ ಹಿರಿಯರು ಎಣಿಸಿರುವರು. ಹುಟ್ಟುವುದು ಒಂದೇ ಬೆಟ್ಟದಲ್ಲಿ. ಹೋಗುವ ದಾರಿಗಳು ಬೇರೆ. ತುಂಗೆಯು ಶೃಂಗೇರಿಯ ಮುಂದೆ ಹರಿದು, ಭದ್ರೆಯು ಕಳಸ, ಬಾಳೆಹೊನ್ನೂರುಗಳನ್ನು ಬಳಸಿ ಲಕ್ಕವಳ್ಳಿಯ ಕಟ್ಟೆಯಲ್ಲಿ ತಂಗಿ, ಕೂಡಲಿಯಲ್ಲಿ ಇಬ್ಬರೂ ಒಂದಾಗಿ, ಹಂಪೆಯನ್ನು ಕಂಡು ಕೃಷ್ಣೆಯನ್ನು ಸೇರುವರು. ನೇತ್ರಾವತಿಯಾದರೋ ಘಟ್ಟವನ್ನಿಳಿದು ಧರ್ಮಸ್ಥಳ, ಬಂಟವಾಳಗಳ ಮೂಲಕ ಮಂಗಳೂರಿನ ಕಡಲಿಗೆ ಹೋಗುವಳು; ಮಂಗಳೂರು ನಗರವು ತುಂಬೆಯ ಅಣೆಕಟ್ಟೆಯಿಂದ ಕುಡಿಯುವುದು ಈ ನೀರನ್ನೇ. ಇತ್ತ ಮೂಡಿಗೆರೆ ತಾಲ್ಲೂಕಿನಲ್ಲಿ ಬಲ್ಲಾಳರಾಯನ ದುರ್ಗದ ಹತ್ತಿರ ಹುಟ್ಟುವ ಹೇಮಾವತಿಯು ಸಕಲೇಶಪುರವನ್ನು ಹಾದು, ಗೊರೂರಿನಲ್ಲಿ ನಿಂತು, ಕಾವೇರಿಯನ್ನು ಕೂಡುವಳು. ಗಿರಿಯ ಮೂಡಣ ಇಳಿಜಾರಿನ ವೇದಾ, ಅವತಿಗಳು ಅಯ್ಯನಕೆರೆ, ಮದಗದಕೆರೆಗಳನ್ನು ತುಂಬಿ, ಒಂದಾಗಿ ವೇದಾವತಿಯಾಗಿ, 1907ರಲ್ಲಿ ಮುಗಿದ ಮಾರಿಕಣಿವೆಯ ಜಲಾಶಯದ ವರೆಗೆ ಹೋಗಿ ಚಿತ್ರದುರ್ಗದ ಸೀಮೆಗೆ ಉಸಿರಾಗುವುವು. ಹೀಗೆ ಒಂದು ಮಳೆಯ ಹನಿಯು ಮೂಡಿಗೆರೆ, ಕಳಸಗಳ ಗುಡ್ಡದಲ್ಲಿ ಯಾವ ಮಗ್ಗುಲಿಗೆ ಬಿದ್ದಿತೆಂಬುದರ ಮೇಲೆ ಅದು ಅರಬ್ಬೀ ಸಮುದ್ರಕ್ಕೆ ಹೋಗುವುದೋ, ಕೃಷ್ಣೆಗೆ ಹೋಗುವುದೋ, ಕಾವೇರಿಗೆ ಹೋಗುವುದೋ ನಿರ್ಣಯವಾಗುವುದು. ಅರ್ಧ ಕರ್ನಾಟಕವು ನಮ್ಮ ಜಿಲ್ಲೆಯ ಕೊಡದಿಂದ ನೀರು ಕುಡಿಯುತ್ತಿದೆಯೆಂದರೆ ಅದನ್ನು ಸ್ವಾಭಿಮಾನದ ಅತಿಶಯೋಕ್ತಿಯೆಂದು ವಾಚಕರು ತಳ್ಳಿಹಾಕಲಾರರು.

ನೀರು ಹೀಗೆ ಗಡಿಯನ್ನು ಲೆಕ್ಕಿಸದೆ ಹರಿದಂತೆಯೇ ಹಿಂದಿನ ಕಾಲದ ರಾಜ್ಯಗಳೂ ಘಟ್ಟವನ್ನು ಗಡಿಯೆಂದು ಎಣಿಸಲಿಲ್ಲ. ಹೊಯ್ಸಳರ ಮೂಲಸ್ಥಾನವಾದ ಸೊಸೆವೂರು ಮೂಡಿಗೆರೆ ತಾಲ್ಲೂಕಿನ ಅಂಗಡಿ ಗ್ರಾಮವೇ. ಅಲ್ಲಿನ ವಾಸಂತಿಕೆಯ ಗುಡಿಯ ಮುಂದೆಯೇ ಸಳನು ಹುಲಿಯನ್ನು ಹೊಯ್ದನೆಂಬ ಕಥೆಯು ನಡೆದುಬಂದಿದೆ. ಕಳಸದ ಮಾತು ಇನ್ನೂ ಸ್ಪಷ್ಟವಾದುದು. ಕಳಸ–ಕಾರ್ಕಳ ರಾಜ್ಯವೆಂದು ಇತಿಹಾಸದಲ್ಲಿ ಹೆಸರಾದ ಭೈರರಸರ ಸಂಸ್ಥಾನದ ಒಂದು ಕಾಲು ಘಟ್ಟದ ಮೇಲೆ, ಇನ್ನೊಂದು ಕಾಲು ಘಟ್ಟದ ಕೆಳಗೆ. 1432ರಲ್ಲಿ ಕಾರ್ಕಳದ ಬಂಡೆಯ ಮೇಲೆ ಗೊಮ್ಮಟನನ್ನು ನಿಲ್ಲಿಸಿದ ವೀರಪಾಂಡ್ಯನ ಮನೆತನವೇ ಕಳಸದ ಕಳಸೇಶ್ವರನಿಗೂ ದತ್ತಿಗಳನ್ನು ಬಿಟ್ಟಿತು. ಕೆಳದಿಯ ನಾಯಕರೂ ಮೇಲನ್ನೂ ಕೆಳಗನ್ನೂ ಒಂದೇ ಕೈಯಲ್ಲಿ ಆಳಿದರು. ಈ ಒಂದನ್ನು ಎರಡು ಮಾಡಿದುದು 1799. ಶ್ರೀರಂಗಪಟ್ಟಣವು ಬಿದ್ದ ಮೇಲೆ ಇಂಗ್ಲಿಷರ ಕಂಪನಿಯು ಕಡಲಂಚಿನ ಕನ್ನಡ ಜಿಲ್ಲೆಗಳನ್ನು ತಾನೇ ಇಟ್ಟುಕೊಂಡು, ಘಟ್ಟದ ಮೇಲಿನದನ್ನು ಮೈಸೂರಿನ ಒಡೆಯರಿಗೆ ಬಿಟ್ಟಿತು. ಅಂದಿನಿಂದ ಸುಮಾರು 157 ವರ್ಷ ಕೊಟ್ಟಿಗೆಹಾರವು ಒಂದು ಸೀಮೆಯ ಕೊನೆಯೂ ಇನ್ನೊಂದರ ಬಾಗಿಲೂ ಆಗಿ ನಿಂತಿತು.

ಗೆರೆಯು ಹೋದರೂ ಅದರ ಹೆಸರು ಹೋಗಿಲ್ಲ. ಕುದುರೆಮುಖದಿಂದ ಕಾರ್ಕಳಕ್ಕೆ ಹೋಗುವವರು ಕಾಡಿನ ನಡುವೆ ಒಂದು ಕೂಡುರಸ್ತೆಯನ್ನು ಕಾಣುವರು. ಅದನ್ನು ಜನರು ಇಂದಿಗೂ 'ಎಸ್.ಕೆ. ಬಾರ್ಡರ್' ಎಂದೇ ಕರೆಯುವರು. ಸೌತ್ ಕೆನರಾ ಎಂಬ ಜಿಲ್ಲೆಯ ಇಂಗ್ಲಿಷು ಹೆಸರು ಕಾಗದದಿಂದ ಹೋಗಿ ಎಷ್ಟೋ ಕಾಲವಾಯಿತು. ಬಸ್ಸಿನ ಕಂಡಕ್ಟರನ ಬಾಯಲ್ಲಿ ಮಾತ್ರ ಉಳಿದಿದೆ. ನಮ್ಮ ಜಿಲ್ಲೆಯ ಹೆಸರೂ ಹೀಗೆ ಬದಲಾದುದೇ. 1947ರವರೆಗೆ ಇದು ಕಡೂರು ಜಿಲ್ಲೆ. ಹೆಸರು ಬಯಲಿನದು, ಕಚೇರಿ ಬೆಟ್ಟದ ಬುಡದ ಚಿಕ್ಕಮಗಳೂರಿನಲ್ಲಿ. ಈಗಿನ ಲೋಕಸಭಾ ಕ್ಷೇತ್ರಗಳ ವಿಂಗಡಣೆಯನ್ನು ನೋಡಿದವರಿಗೆ ವಿಧಿಯ ವಿನೋದವೂ ಕಾಣಿಸುವುದು. 2008ರಿಂದ ಚಿಕ್ಕಮಗಳೂರು, ಮೂಡಿಗೆರೆ, ಶೃಂಗೇರಿ, ತರೀಕೆರೆಗಳು ಘಟ್ಟದ ಕೆಳಗಿನ ಉಡುಪಿ, ಕಾಪು, ಕುಂದಾಪುರ, ಕಾರ್ಕಳಗಳೊಡನೆ ಒಂದೇ ಕ್ಷೇತ್ರವಾಗಿ ಕೂಡಿವೆ. ಹಿಂದೆ ಇಡೀ ಜಿಲ್ಲೆಗೆ ತನ್ನ ಹೆಸರನ್ನು ಕೊಟ್ಟಿದ್ದ ಕಡೂರು ಮಾತ್ರ ಹಾಸನದೊಡನೆ ಹೋಯಿತು. ಭೈರರಸರ ರಾಜ್ಯವನ್ನು ಚುನಾವಣೆಯವರು ಅರಿಯದೆಯೇ ಮತ್ತೆ ಜೋಡಿಸಿದಂತಾಯಿತು!

ಇದನ್ನೆಲ್ಲ ಹೇಳಿದುದು ಹಳೆಯ ಕೊರಗನ್ನು ಕೆದಕುವುದಕ್ಕಲ್ಲ. ಪ್ರಾಂತಗಳು ಒಂದಾದರೂ ಒಂದಾಗದೆ ಉಳಿದ ಕೆಲವು ಸಂಗತಿಗಳಿವೆ. ಅವುಗಳಲ್ಲಿ ಮೊದಲನೆಯದು ರಸ್ತೆ. ಘಟ್ಟದ ಅಂಚಿನ ಹಳ್ಳಿಗಳವರಿಗೆ ದೊಡ್ಡ ಕಾಯಿಲೆ ಬಂದರೆ ದಾರಿಯೊಂದೇ: ಚಾರ್ಮಾಡಿಯನ್ನಿಳಿದು ಮಂಗಳೂರಿನ ಆಸ್ಪತ್ರೆಗೆ. ಹೆರಿಗೆಯ ತೊಡಕಿಗೂ ಅದೇ, ಹಾವಿನ ಕಡಿತಕ್ಕೂ ಅದೇ. ರೈಲು 2013ರಲ್ಲಿ ಕಡೂರಿನಿಂದ ಚಿಕ್ಕಮಗಳೂರಿನ ವರೆಗೆ ಬಂದು ಅಲ್ಲಿಗೇ ನಿಂತಿತು. ಗುಡ್ಡದವರ ಪಾಲಿಗೆ ಘಟ್ಟದ ರಸ್ತೆಯೇ ರೈಲು. 2019ರ ಆಗಸ್ಟಿನ ಮಳೆಯಲ್ಲಿ ಆ ಘಟ್ಟವು ಹಲವೆಡೆ ಕುಸಿಯಿತು. ಮಲೆಮನೆ, ಮಧುಗುಂಡಿ ಮೊದಲಾದ ಮೂಡಿಗೆರೆ ತಾಲ್ಲೂಕಿನ ಹಳ್ಳಿಗಳಲ್ಲಿ ಮನೆ, ತೋಟ, ಗದ್ದೆಗಳು ಮಣ್ಣುಪಾಲಾದುವು. ಮೊದಲು ಎಲ್ಲ ಸಂಚಾರವೂ ನಿಂತಿತು; ಅನಂತರವೂ ಭಾರದ ವಾಹನಗಳಿಗೆ ಬಹುಕಾಲ ದಾರಿಯಿರಲಿಲ್ಲ. ಆ ದಿನಗಳಲ್ಲಿ ಕೊಟ್ಟಿಗೆಹಾರದಲ್ಲಿ ನಿಂತು ನೋಡಿದವರಿಗೆ 1956ಕ್ಕೆ ಹಿಂದಿನ ಗಡಿಯು ಮಣ್ಣಿನಿಂದ ಮತ್ತೆ ಎದ್ದು ನಿಂತಂತೆ ತೋರಿತು. ಎರಡು ಜಿಲ್ಲೆಗಳ ಅಧಿಕಾರಿಗಳು ತಮ್ಮ ತಮ್ಮ ತುದಿಯಲ್ಲಿ ತಡೆಯ ಕಂಬಗಳನ್ನು ನೆಟ್ಟು ಕಾವಲಿಟ್ಟರು. ನಡುವಿನ ದಾರಿಯು ಇಬ್ಬರದೂ ಆಗಿದ್ದುದರಿಂದ ಯಾರದೂ ಆಗಲಿಲ್ಲ. ಬೆಟ್ಟವು ಜಾರುವುದು ಮಳೆಯ ಕೆಲಸವೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಕಡಿದು ಅಗಲಿಸಿದ ಇಳಿಜಾರು, ಮುಚ್ಚಿಹೋದ ಮೋರಿ, ದಾರಿತಪ್ಪಿಸಿದ ಹಳ್ಳ ಇವು ಮಳೆಯ ಕೆಲಸಗಳಲ್ಲ.

ಇನ್ನು ಜನದ ಮಾತು. ಇಲ್ಲಿ ಒಂದು ಅಚ್ಚರಿಯಿದೆ. ಜಿಲ್ಲೆಯ ಪಾಠವನ್ನು ಹೇಳುವವರು ಇದನ್ನು ಮೊದಲು ಹೇಳಬೇಕು. 2001ರ ಖಾನೇಷುಮಾರಿಯಲ್ಲಿ ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆಯು 11,40,905. 2011ರಲ್ಲಿ 11,37,961. ಹತ್ತು ವರ್ಷಗಳಲ್ಲಿ 2,944 ಜನರು ಕಡಿಮೆ. ಅದೇ ಹತ್ತು ವರ್ಷಗಳಲ್ಲಿ ಕರ್ನಾಟಕದ ಜನವು ನೂರಕ್ಕೆ ಹದಿನೈದರ ಮೇಲೆ ಹೆಚ್ಚಿತು. ಬೆಂಗಳೂರು ನಗರದ ಜಿಲ್ಲೆಯು 96 ಲಕ್ಷವನ್ನು ದಾಟಿತು. ಬೆಳಗಾವಿಯು 47 ಲಕ್ಷವನ್ನು ಮೀರಿತು. ಇಡೀ ರಾಜ್ಯದಲ್ಲಿ ಇಳಿದುದು ನಮ್ಮ ಜಿಲ್ಲೆಯೊಂದೇ. ಚದರ ಕಿಲೋಮೀಟರಿಗೆ ರಾಜ್ಯದಲ್ಲಿ ಸರಾಸರಿ 319 ಜನರಿದ್ದರೆ ಇಲ್ಲಿ 158. ಸಾವಿರ ಗಂಡಸರಿಗೆ 1,008 ಹೆಂಗಸರು. ಇದು ಒಂದು ಕಡೆ ಹೆಣ್ಣುಮಗುವನ್ನು ಉಳಿಸಿಕೊಂಡ ನಾಡೆಂಬ ಹೆಮ್ಮೆಗೆ ಕಾರಣ. ಇನ್ನೊಂದು ಕಡೆ, ಪ್ರಾಯದ ಗಂಡಸರು ಊರು ಬಿಟ್ಟು ಹೋಗಿರುವರೆಂಬುದಕ್ಕೂ ಸಾಕ್ಷಿಯಾಗಬಹುದು. ವಕೀಲನಾದ ನಾನು ಒಂದೇ ದಾಖಲೆಯಿಂದ ಎರಡು ಪಕ್ಷದವರೂ ವಾದಿಸುವುದನ್ನು ದಿನವೂ ನೋಡುತ್ತಿರುವೆನು.

ಈ ಇಳಿತಕ್ಕೆ ಕಾರಣಗಳು ಒಂದೆರಡಲ್ಲ. ಶತಮಾನದ ಆರಂಭದಲ್ಲಿ ಕಾಫಿಯ ಬೆಲೆಯು ನೆಲಕಚ್ಚಿ ಸಣ್ಣ ಬೆಳೆಗಾರರು ಸಾಲದಲ್ಲಿ ಮುಳುಗಿದರು. ತೋಟಗಳಲ್ಲಿ ಆಳುಗಳಿಗೆ ಕೆಲಸ ತಪ್ಪಿತು. ಕುದುರೆಮುಖದ ಕಬ್ಬಿಣದ ಅದಿರಿನ ಗಣಿಯು ಸುಪ್ರೀಂ ಕೋರ್ಟಿನ ತೀರ್ಪಿನಂತೆ 2005ರ ಕೊನೆಗೆ ನಿಂತಿತು. ಅದು ನಿಂತುದು ಭದ್ರೆಗೆ ಒಳ್ಳೆಯದಾಯಿತೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಸಾವಿರಾರು ಸಂಸಾರಗಳಿದ್ದ ಊರು ಖಾಲಿಯಾಯಿತೆಂಬುದನ್ನೂ ಮರೆಯಲಾಗದು. ಭದ್ರಾ ಅಭಯಾರಣ್ಯದ ಒಳಗಿದ್ದ ನಾನೂರಕ್ಕೂ ಮಿಕ್ಕ ಕುಟುಂಬಗಳು ಆ ಹೊತ್ತಿನಲ್ಲಿಯೇ ತರೀಕೆರೆಯ ಕಡೆಯ ಎಂ.ಸಿ. ಹಳ್ಳಿಗೂ ನಮ್ಮ ಕೆಳಗೂರಿಗೂ ಬಂದು ನೆಲಸಿದುವು. ಇವರು ಜಿಲ್ಲೆಯನ್ನು ಬಿಡಲಿಲ್ಲ, ಕಾಡನ್ನು ಬಿಟ್ಟರು. ಎಲ್ಲಕ್ಕಿಂತ ಮಿಗಿಲಾಗಿ, ಓದಿದ ಹುಡುಗರು ಬೆಂಗಳೂರಿಗೆ ಹೋದರು, ಸಂಸಾರಗಳು ಚಿಕ್ಕವಾದುವು. ಮಲೆನಾಡಿನ ದೊಡ್ಡ ಚೌಕಿಮನೆಗಳಲ್ಲಿ ಈಗ ಇಬ್ಬರು ಮುದುಕರೂ ಒಂದು ನಾಯಿಯೂ ಇರುವುದನ್ನು ಯಾರು ಬೇಕಾದರೂ ನೋಡಬಹುದು.

ಜನರು ಕಡಿಮೆಯಾದರೆ ಏನಾಯಿತು, ನೆಲಕ್ಕೆ ಭಾರ ಇಳಿಯಿತಲ್ಲವೇ ಎನ್ನುವವರು ಇರುವರು. ಅವರಿಗೆ ಕಚೇರಿಯ ಕ್ರಮವು ತಿಳಿಯದು. ನಮ್ಮ ಆಡಳಿತವು ತಲೆಯನ್ನು ಎಣಿಸಿ ಕೊಡುವುದೇ ಹೊರತು ದಾರಿಯನ್ನು ಅಳೆದು ಕೊಡುವುದಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಯಲಿನಲ್ಲಿ 30,000 ಜನ, ಗುಡ್ಡಗಾಡಿನಲ್ಲಿ 20,000 ಜನ ಎಂಬುದು ರೂಢಿಯ ಮಾನ. ಗುಡ್ಡದಲ್ಲಿ ಆ ಇಪ್ಪತ್ತು ಸಾವಿರವನ್ನು ಕೂಡಿಸಬೇಕಾದರೆ ಎಷ್ಟು ಹಳ್ಳ, ಎಷ್ಟು ಏರು ದಾಟಬೇಕೆಂಬುದನ್ನು ಲೆಕ್ಕ ಹಾಕಿದವನು ಬೆಟ್ಟವನ್ನು ಹತ್ತಿದವನಾಗಿರಲಾರನು. ಮಕ್ಕಳ ಸಂಖ್ಯೆ ಇಳಿಯಿತೆಂದು ಒಂಟಿ ಶಾಲೆಯನ್ನು ಪಕ್ಕದೂರಿನ ಶಾಲೆಗೆ ಸೇರಿಸುವರು. ಆ ಪಕ್ಕದೂರು ನಕ್ಷೆಯಲ್ಲಿ ಮಾತ್ರ ಪಕ್ಕದಲ್ಲಿರುವುದು, ನಡುವೆ ಆನೆ ತಿರುಗುವ ತೋಟವಿರುವುದು. ಶಾಸನಸಭೆಯಲ್ಲಿಯೂ ಹಾಗೆಯೇ ಆಯಿತು: 2008ರ ವಿಂಗಡಣೆಯಲ್ಲಿ ಬೀರೂರು ಕ್ಷೇತ್ರವು ಅಳಿದು, ಜಿಲ್ಲೆಯ ಆರು ಸ್ಥಾನಗಳು ಐದಾದುವು. ಮುಂದಿನ ಖಾನೇಷುಮಾರಿಯ ಮೇಲೆ ದೇಶದಲ್ಲಿ ಲೋಕಸಭಾ ಸ್ಥಾನಗಳ ಹಂಚಿಕೆಯ ಮಾತು ಏಳುವುದು ನಿಶ್ಚಯ. 2001ರ 84ನೆಯ ತಿದ್ದುಪಡಿಯು ಹಾಕಿದ ತಡೆಯು 2026ರ ಅನಂತರದ ಮೊದಲ ಎಣಿಕೆಯ ವರೆಗೆ ಮಾತ್ರ. ಚಿಕ್ಕ ಸಂಸಾರದ ನೀತಿಯನ್ನು ಪಾಲಿಸಿದವರ ದನಿ ಚಿಕ್ಕದಾಗಬೇಕೆ ಎಂದು ದಕ್ಷಿಣದ ನಾಡುಗಳೆಲ್ಲ ಈಗ ಕೇಳುತ್ತಿರುವ ಪ್ರಶ್ನೆಯನ್ನು ಕರ್ನಾಟಕದ ಒಳಗೆ ಚಿಕ್ಕಮಗಳೂರು ಆಗಲೇ ಅನುಭವಿಸಿ ನೋಡಿದೆ.

ಹೀಗಿರುವಾಗ, ಇರುವ ತಲೆಗಳನ್ನಾದರೂ ಸರಿಯಾಗಿ ಎಣಿಸಬೇಡವೇ? ನಾನು ಹೇಳಬೇಕೆಂದು ಹೊರಟುದು ಇದನ್ನೇ.

ಕೆಲವು ವರ್ಷಗಳ ಹಿಂದಿನ ಸಂಗತಿ. ತೋಟವೊಂದರ ಲೈನ್ ಮನೆಯಲ್ಲಿ ವಾಸವಾಗಿದ್ದ ಹೆಂಗಸೊಬ್ಬಳು ತನ್ನ ಮಗಳ ಜಾತಿ ಪ್ರಮಾಣಪತ್ರಕ್ಕಾಗಿ ಕಚೇರಿಯಿಂದ ಕಚೇರಿಗೆ ತಿರುಗಿ ಕೊನೆಗೆ ನನ್ನ ಬಳಿಗೆ ಬಂದಳು. ಕಾಲೇಜಿಗೆ ಸೇರುವ ಕೊನೆಯ ದಿನವು ಹತ್ತಿರವಾಗಿತ್ತು. ವಾಸಸ್ಥಳಕ್ಕೆ ದಾಖಲೆ ಏನಿದೆ ಎಂದು ಕೇಳಿದೆನು. ಮನೆಯ ನಂಬರು ಇಲ್ಲ. ಕಂದಾಯದ ರಸೀದಿ ಇಲ್ಲ. ವಿದ್ಯುತ್ತಿನ ಬಿಲ್ಲು ತೋಟದ ಹೆಸರಿನಲ್ಲಿ. ಹಿಂದೆ ದುಡಿದ ತೋಟದ ಲೈನನ್ನು ಕೆಡವಿದ್ದರಿಂದ ಅಲ್ಲಿನ ಗುರುತೂ ಇಲ್ಲ. "ಹಾಗಾದರೆ ನಿಮ್ಮ ಊರು ಯಾವುದಮ್ಮಾ?" ಎಂದೆನು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸ್ವಾಮಿ, ನಾನು ಹುಟ್ಟಿದ್ದೂ ಲೈನಲ್ಲೇ, ನನ್ನ ಮಗಳು ಹುಟ್ಟಿದ್ದೂ ಲೈನಲ್ಲೇ. ನಮ್ಮಪ್ಪ ಘಟ್ಟದ ಕೆಳಗಿನವರು ಅಂತಿದ್ರು. ಊರು ಅಂತ ಏನು ಬರೀಬೇಕೋ ನೀವೇ ಬರೀರಿ" ಎಂದಳು. ಕಾಯಿದೆಯ ಪುಸ್ತಕಗಳಲ್ಲಿ ಈ ಮಾತಿಗೆ ಉತ್ತರವನ್ನು ನಾನು ಹುಡುಕಿ ಕಾಣದಾದೆನು. ಪ್ರಮಾಣಪತ್ರವೇನೋ ಮೂರು ತಿಂಗಳ ಮೇಲೆ ಬಂದಿತು. ಕಾಲೇಜಿನ ಬಾಗಿಲು ಆ ವರ್ಷಕ್ಕೆ ಮುಚ್ಚಿತ್ತು.

ಈ ಲೈನುಗಳಲ್ಲಿ ಯಾರಿಲ್ಲ? ಹಿಂದಿನ ತಲೆಮಾರಿನಲ್ಲಿ ಮೇಸ್ತ್ರಿಯ ಮುಂಗಡ ಹಣವನ್ನು ಪಡೆದು ಘಟ್ಟ ಹತ್ತಿ ಬಂದ ತುಳುವರು, ತಮಿಳರು, ಬಯಲುಸೀಮೆಯ ಬರದಿಂದ ಬಂದ ಕನ್ನಡಿಗರು. ಈಗ ಅಸ್ಸಾಮು, ಜಾರ್ಖಂಡಗಳಿಂದ ಬಂದವರು. ಜಿಲ್ಲೆಯ ಜನದಲ್ಲಿ ನೂರಕ್ಕೆ 22ಕ್ಕೆ ಮಿಕ್ಕಿ ಪರಿಶಿಷ್ಟ ಜಾತಿಗಳವರು. ಮೂಡಿಗೆರೆಯ ಶಾಸನಸಭಾ ಕ್ಷೇತ್ರವೇ ಅವರಿಗೆ ಮೀಸಲು. ಕಾಫಿಯ ನೆರಳಿನಲ್ಲಿ ದುಡಿಯುವವರಲ್ಲಿ ಅವರ ಪಾಲು ದೊಡ್ಡದು. ಇವರಲ್ಲದೆ ಕಳಸ, ಕುದುರೆಮುಖಗಳ ಕಾಡಂಚಿನ ಮಲೆಕುಡಿಯರು, ಗೌಡಲು, ಕೊಪ್ಪದ ಕಡೆಯ ಹಸಲರು, ತರೀಕೆರೆಯ ತಾಂಡಗಳ ಲಂಬಾಣಿಗಳು, ಬ್ಯಾರಿ ವರ್ತಕರು, ಮಂಗಳೂರಿನಿಂದ ಬಂದ ಕೊಂಕಣಿ ಕ್ರೈಸ್ತರು. ಶೃಂಗೇರಿಯಲ್ಲಿ ಶಾರದಾಪೀಠ, ಬಾಳೆಹೊನ್ನೂರಿನಲ್ಲಿ ರಂಭಾಪುರಿ ಪೀಠ, ನರಸಿಂಹರಾಜಪುರದಲ್ಲಿ ಜ್ವಾಲಾಮಾಲಿನಿಯ ಬಸದಿ. ನಮ್ಮ ನಾಡಿಗೆ ಕಾಫಿಯನ್ನು ತಂದವನೆಂದು ಐತಿಹ್ಯವು ಹೇಳುವುದು ಮೆಕ್ಕೆಯ ಯಾತ್ರೆಯಿಂದ ಏಳು ಬೀಜಗಳೊಡನೆ ಮರಳಿದ ಒಬ್ಬ ಫಕೀರನನ್ನು. ಕುವೆಂಪುಗಳು 1904ರಲ್ಲಿ ಹುಟ್ಟಿದುದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ಇಷ್ಟು ಬಗೆಯ ಜನವನ್ನು ಒಂದು ಮಾಡಿದುದು ಕನ್ನಡ. ಲೈನಿನಲ್ಲಿ ಹುಟ್ಟಿದ ತಮಿಳರ ಮಗುವೂ ತುಳುವರ ಮಗುವೂ ಜಗಳವಾಡುವುದು ಕನ್ನಡದಲ್ಲಿಯೇ. ಅಸ್ಸಾಮಿನಿಂದ ನಿನ್ನೆ ಬಂದವನ ಮಗುವೂ ಶಾಲೆಯ ಜಗಲಿಯ ಮೇಲೆ ಒಂದು ಮಳೆಗಾಲ ಕುಳಿತರೆ ಹಾಗೆಯೇ ಆಡುವುದು. ನಾಡಿನ ಐಕ್ಯಕ್ಕಾಗಿ ಭಾಷಣ ಮಾಡುವವರು ಆ ಮಗುವಿಗೆ ಜಗಲಿಯಿದೆಯೋ ಇಲ್ಲವೋ ಎಂಬುದನ್ನು ಮೊದಲು ನೋಡಲಿ. ಅವರನ್ನು ಹೊರಗಿನವರೆಂದು ಬೈಯುವ ಗಂಡಸುತನವು ನಮ್ಮಲ್ಲಿ ಈಚೆಗೆ ಹೆಚ್ಚುತ್ತಿದೆ. ಅವರಿಲ್ಲದೆ ನಮ್ಮ ಹಣ್ಣು ಗಿಡದಲ್ಲಿಯೇ ಒಣಗುವುದೆಂಬುದನ್ನು ಬೈಯುವವರೂ ಬಲ್ಲರು.

ಕಾಯಿದೆಯು ಇವರನ್ನು ಮರೆತಿರಲಿಲ್ಲ. 1951ರ ಪ್ಲಾಂಟೇಶನ್ ಲೇಬರ್ ಕಾಯಿದೆಯು ಆಳುಗಳಿಗೆ ವಸತಿ, ವೈದ್ಯ, ಶಿಶುಪಾಲನೆಗಳನ್ನು ಒದಗಿಸಬೇಕೆಂದು ತೋಟದ ಒಡೆಯರ ಮೇಲೆ ಹೊಣೆ ಹೊರಿಸಿತು. ಆ ಹೊಣೆಯನ್ನು ಮನಃಪೂರ್ವಕವಾಗಿ ಹೊತ್ತ ಸಾಹುಕಾರರನ್ನು ನಾನು ಬಲ್ಲೆನು. ಎಲ್ಲರನ್ನೂ ಒಂದೇ ಕೋಲಿನಿಂದ ಹೊಡೆಯುವುದು ನ್ಯಾಯವಲ್ಲ. ಆದರೆ ಆ ಏರ್ಪಾಡಿನ ಮೂಲದಲ್ಲಿಯೇ ಒಂದು ಕೊರತೆಯಿದ್ದಿತು. ಮನೆಯು ಕೆಲಸಕ್ಕೆ ಅಂಟಿದ್ದುದರಿಂದ, ಬೆನ್ನು ಬಾಗಿದ ದಿನ ಕೆಲಸವೂ ಹೋಯಿತು, ಮನೆಯೂ ಹೋಯಿತು. ನಲವತ್ತು ವರ್ಷ ಒಂದೇ ಸೂರಿನಡಿ ಇದ್ದವನಿಗೆ ಆ ಸೂರಿನ ಮೇಲೆ ಒಂದು ಹಂಚಿನಷ್ಟೂ ಹಕ್ಕಿಲ್ಲ.

ಇದನ್ನು ಇನ್ನೊಂದರ ಪಕ್ಕದಲ್ಲಿಟ್ಟು ನೋಡೋಣ. ಸರಕಾರದ ಕಂದಾಯ ಭೂಮಿಯನ್ನು ಒತ್ತುವರಿ ಮಾಡಿ ಕಾಫಿ ಮುಂತಾದುವನ್ನು ಬೆಳೆದವರಿಗೆ 25 ಎಕರೆಯ ಮಿತಿಯೊಳಗೆ ಆ ನೆಲವನ್ನು 30 ವರ್ಷಗಳ ಗುತ್ತಿಗೆಗೆ ಕೊಡಬಹುದೆಂದು ಇತ್ತೀಚಿನ ವರ್ಷಗಳಲ್ಲಿ ಕಾಯಿದೆಯು ತಿದ್ದುಪಡಿಯಾಯಿತು. ಸಣ್ಣ ಹಿಡುವಳಿದಾರನೊಬ್ಬನು ತಾತನ ಕಾಲದಿಂದ ಬೆವರು ಸುರಿಸಿದ ಎರಡು ಎಕರೆಯನ್ನು ಕಿತ್ತುಕೊಳ್ಳಬೇಕೆಂದು ನಾನು ಎಂದೂ ಹೇಳಿದವನಲ್ಲ; ಅಂಥವರ ಪರವಾಗಿ ವಾದಿಸಿಯೂ ಇರುವೆನು. ಆದರೆ 25 ಎಕರೆಯ ಒತ್ತುವರಿಗೆ ದಾರಿಯನ್ನು ಹುಡುಕಿದ ಬುದ್ಧಿವಂತಿಕೆಯು 30ಕ್ಕೆ 40 ಅಡಿಯ ನಿವೇಶನಕ್ಕೆ ಬಂದಾಗ ಏಕೆ ಮಂಕಾಗುವುದು? ನಿವೇಶನಕ್ಕೆ ಜಾಗವಿಲ್ಲ, ಇರುವುದೆಲ್ಲ ಅರಣ್ಯ ಎನ್ನುವರು. ಒತ್ತುವರಿಯ ಅರ್ಜಿದಾರನು 50, 53, 57 ಎಂಬ ನಮೂನೆಗಳನ್ನು ಹಿಡಿದು ಬಂದಾಗ ಕಚೇರಿಯ ಕಪಾಟು ತೆರೆಯುವುದು. ಲೈನಿನವಳು ಬಂದಾಗ, ಅವಳು ಯಾವ ನಮೂನೆಯೊಳಗೂ ಹಿಡಿಸುವುದಿಲ್ಲ. ಒತ್ತುವರಿಯನ್ನು ತೋರಿಸಲಾದರೂ ಕೈಯಲ್ಲಿ ಒಂದಿಷ್ಟು ನೆಲವಿರಬೇಕು. ಕಾನೂನನ್ನು ಮೀರದೆ ಬದುಕಿದುದೇ ಅವಳ ಅನರ್ಹತೆಯಾಯಿತು.

ಆದುದರಿಂದ ಬರಲಿರುವ ಖಾನೇಷುಮಾರಿಯು ಲೈನಿನವರಿಗೆ ಬರಿಯ ಎಣಿಕೆಯಲ್ಲ. ಸರಕಾರದ ಪುಸ್ತಕದಲ್ಲಿ ಮೊದಲನೆಯ ಬಾರಿಗೆ ತಮ್ಮ ಬಾಗಿಲು ಬೀಳಬಹುದಾದ ಸಮಯ. ಇಲ್ಲಿ ಎರಡು ಅಪಾಯಗಳಿವೆ. ಒಂದನೆಯದು, ಮನೆಪಟ್ಟಿಯ ಹೊತ್ತಿನಲ್ಲಿ ಇಡೀ ಲೈನನ್ನು ಒಂದೇ ಕಟ್ಟಡವೆಂದೂ ತೋಟವನ್ನು ಒಂದೇ ವಿಳಾಸವೆಂದೂ ಬರೆದು ಮುಗಿಸುವುದು. ಹತ್ತು ಬಾಗಿಲು, ಹತ್ತು ಒಲೆ, ಹತ್ತು ಸಂಸಾರ. ರೈಟರ ಕಚೇರಿಯಲ್ಲಿ ಕುಳಿತು ಹಾಜರಿ ಪುಸ್ತಕವನ್ನು ನಕಲು ಮಾಡಿದರೆ ಅದರಲ್ಲಿ ಆಳುಗಳ ಹೆಸರು ಸಿಕ್ಕೀತು, ಮುದುಕರ ಹೆಸರೂ ಕೂಸುಗಳ ಹೆಸರೂ ಸಿಕ್ಕವು. ಎರಡನೆಯದು ಕಾಲದ್ದು. ತಲೆಯೆಣಿಕೆ ಫೆಬ್ರವರಿಯಲ್ಲಿ. ಅರೇಬಿಕದ ಕೊಯ್ಲು ಮುಗಿದಿದ್ದರೂ ರೊಬಸ್ಟದ ಕೊಯ್ಲು ಆಗ ನಡೆಯುತ್ತಿರುವುದು. ಬೇರೆಡೆಯಿಂದ ಬಂದವರು ಲೈನುಗಳಲ್ಲಿ ತುಂಬಿರುವರು. ಅವರನ್ನು ಇಲ್ಲಿ 'ಊರಿಗೆ ಹೋಗುವವರು' ಎಂದು ಬಿಡುವರು, ಅಲ್ಲಿ 'ಕೆಲಸಕ್ಕೆ ಹೋಗಿರುವರು' ಎಂದು ಬಿಡುವರು. ಎರಡು ಪಟ್ಟಿಗಳ ನಡುವೆ ಮನುಷ್ಯನು ಜಾರಿಬೀಳುವುದು ಹೀಗೆಯೇ.

ಎಣಿಕೆಯ ಕೆಲಸವು ಬಹುಮಟ್ಟಿಗೆ ಉಪಾಧ್ಯಾಯರ ಪಾಲಿಗೆ ಬರುವುದು. ಪತ್ರಿಕೆಯ ವಾಚಕರಲ್ಲಿ ಅವರು ಬಹುಮಂದಿಯೆಂಬ ಧೈರ್ಯದಿಂದಲೇ ಇದನ್ನು ಬರೆಯುತ್ತಿರುವೆನು. ಈ ಸಲ ಹಾಳೆಯ ಬದಲು ಮೊಬೈಲಿನಲ್ಲಿ ತುಂಬಬೇಕಂತೆ. ಕಳಸದ ಎಷ್ಟೋ ಕಣಿವೆಗಳಲ್ಲಿ ಮೊಬೈಲಿಗೆ ಸಂಕೇತ ಸಿಕ್ಕದೆಂಬುದನ್ನು ಮೇಲಿನವರಿಗೆ ಮೊದಲೇ ತಿಳಿಸುವುದು ಒಳಿತು. ಕಳಸವು ಮೂಡಿಗೆರೆಯಿಂದ ಬೇರೆಯಾಗಿ ಸ್ವಂತ ತಾಲ್ಲೂಕಾದುದರಿಂದ ಅಲ್ಲಿಯವರು ಒಂದು ಪಹಣಿಗಾಗಿ ಕೊಟ್ಟಿಗೆಹಾರವನ್ನು ಬಳಸಿ ಸುಮಾರು 60 ಕಿಲೋಮೀಟರು ಬರುತ್ತಿದ್ದ ಕಷ್ಟವು ತಪ್ಪಿತು. ಆದರೆ ಹೊಸ ತಾಲ್ಲೂಕಿಗೆ ಹೊಸ ಲೆಕ್ಕ ಬೇಕು. 2011ರ ಪುಸ್ತಕದಲ್ಲಿ ಕಳಸ ತಾಲ್ಲೂಕೆಂಬುದೇ ಇಲ್ಲ. ಗ್ರಾಮ ಪಂಚಾಯಿತಿಗಳು ತಮ್ಮ ಎಲ್ಲೆಯೊಳಗಿನ ಪ್ರತಿ ಲೈನಿಗೂ, ಪ್ರತಿ ಬಾಗಿಲಿಗೂ ಎಣಿಕೆಗೆ ಮುನ್ನ ನಂಬರು ಕೊಡಲಿ. ಬಾಗಿಲಿಗೆ ನಂಬರು ಕೊಟ್ಟರೆ ಗೋಡೆಯ ಮೇಲೆ ಹಕ್ಕು ಹುಟ್ಟುವುದೆಂದು ಕೆಲವು ಒಡೆಯರು ಅಂಜುವರು. ಕಾನೂನು ಬಲ್ಲವನಾಗಿ ಹೇಳುತ್ತಿರುವೆನು: ಖಾನೇಷುಮಾರಿಯ ನಂಬರಿನಿಂದ ಯಾರ ಆಸ್ತಿಯೂ ಯಾರಿಗೂ ಹೋಗದು. ಅದರಿಂದ ಹೋಗಬಹುದಾದುದು, ಆ ಸೂರಿನ ಕೆಳಗೆ ಯಾರೂ ಇಲ್ಲವೆಂಬ ನಟನೆ ಮಾತ್ರ.

ನನ್ನ ಪರಿಚಯದ ಐದು ಮಂದಿ ತೋಟದ ಮಾಲಿಕರಿಗೆ, ಫೆಬ್ರವರಿಗೆ ಮುಂಚೆ ತಮ್ಮ ಲೈನುಗಳ ಬಾಗಿಲುಗಳ ಮೇಲೆ ಬಣ್ಣದಿಂದ ನಂಬರು ಬರೆಯಿಸಬೇಕೆಂದು ಕಳೆದ ವಾರ ಕಾಗದ ಬರೆದೆನು. ಇಬ್ಬರು ಒಪ್ಪಿರುವರು. ಒಬ್ಬರು, ಮಳೆಗಾಲದಲ್ಲಿ ಪಾಚಿ ಹಿಡಿದು ಅಳಿಸಿಹೋಗದ ಬಣ್ಣ ಯಾವುದೆಂದು ಕೇಳಿರುವರು. ಇನ್ನಿಬ್ಬರ ಉತ್ತರವನ್ನು ಎದುರುನೋಡುತ್ತಿರುವೆನು.